ಮೌನವನ್ನೂ ಬಿಡದೆ ಟೈಪ್ ಮಾಡುವ ಪೆಡಲಕ್ಕ

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಮೂರನೇ ಮಹಡಿಯ ಮನೆಯ ಹಿಂದಿನ ಕೋಣೆಯಲ್ಲಿ ದೀಪ ಹತ್ತಿದೆ. ಕಿಟಕಿ ಮುಚ್ಚಿದೆ, ಅದರ ಸಂದಿಗೆ ಹಳೆಯ ಟವೆಲ್ ತುರುಕಿದೆ. ಐವತ್ತಾರು ವರ್ಷದ ಹೆಂಗಸೊಬ್ಬರು ಕುರ್ಚಿಗೆ ದಿಂಬು ಹಾಕಿಕೊಂಡು ಕೂತಿದ್ದಾರೆ. ಕಿವಿಗೆ ಹೆಡ್‌ಫೋನ್ ಇದೆ, ಕೈ ಕೀಬೋರ್ಡಿನ ಮೇಲಿದೆ, ಬಲಗಾಲು ಮೇಜಿನಡಿಯ ಪೆಡಲಿನ ಮೇಲಿದೆ. ಬಾಗಿಲಿನಿಂದ ನೋಡಿದವರು ಹೊಲಿಗೆ ಯಂತ್ರದ ಮುಂದೆ ಕೂತಿದ್ದಾರೆ ಅಂದುಕೊಳ್ಳಬೇಕು. ಪೆಡಲ್ ಒತ್ತಿದರೆ ಕಿವಿಯಲ್ಲಿ ಮಾತು ಓಡುತ್ತದೆ, ಕಾಲೆತ್ತಿದರೆ ನಿಲ್ಲುತ್ತದೆ, ಹಿಮ್ಮಡಿ ಊರಿದರೆ ನಾಲ್ಕು ಸೆಕೆಂಡು ಹಿಂದಕ್ಕೆ ಹೋಗುತ್ತದೆ.

ಈಗ ಹಿಮ್ಮಡಿಗೇ ಕೆಲಸ. ಒಂದೇ ವಾಕ್ಯವನ್ನು ಏಳನೇ ಸಲ ಕೇಳುತ್ತಿದ್ದಾರೆ. ಮಾತಾಡುತ್ತಿರುವವರು ಯಾವುದೋ ಪಕ್ಷದ ಹಳೆಯ ಕಾರ್ಯಕರ್ತರು. ಬಾಯಲ್ಲಿ ಹಲ್ಲಿಲ್ಲ, ತಲೆಯ ಮೇಲೆ ಫ್ಯಾನ್ ತಿರುಗುತ್ತಿದೆ. "ಸಂಶೋಧನೆಗೆ ಹೋಗೋ ಮಕ್ಕಳಿಗೆ ನಾನು ಹೇಳೋದು ಇಷ್ಟೇ. ಪ್ರಶ್ನೆ ಹೆಚ್ಚುಕಮ್ಮಿ ಆದ್ರೂ ಪರವಾಗಿಲ್ಲ, ಮೊದಲು ಫ್ಯಾನ್ ಆರಿಸಿ ಅಂತ. ಯಾರೂ ಕಿವಿಗೆ ಹಾಕ್ಕೊಳ್ಳಲ್ಲ" ಎನ್ನುತ್ತಾರೆ ಪೆಡಲ್ ಒತ್ತುತ್ತಿರುವ ಈ ಹೆಂಗಸು.

ಎಂಟನೇ ಸಲಕ್ಕೆ ಮಾತು ಸಿಗುತ್ತದೆ, ಟೈಪ್ ಆಗುತ್ತದೆ. ಆಮೇಲೆ ಆ ಮುದುಕರು ಸುಮ್ಮನಾಗುತ್ತಾರೆ. ಕೇಳುವವರ ಕಣ್ಣು ಪರದೆಯ ಮೂಲೆಯ ಗಡಿಯಾರಕ್ಕೆ ಹೋಗುತ್ತದೆ. ಮುದುಕರು ಮತ್ತೆ ಬಾಯಿ ತೆರೆಯುವ ಹೊತ್ತಿಗೆ ಪರದೆಯ ಮೇಲೆ ಕಂಸದೊಳಗೆ ಒಂದು ಅಂಕಿ ಬಿದ್ದಿದೆ: ೧೧. ಹನ್ನೊಂದು ಸೆಕೆಂಡಿನ ಮೌನ. ಅದರ ಮುಂದೆ 'ಕುರ್ಚಿ ಸರಿದ ಸದ್ದು'.

ಇವರು ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಮತ್ತು ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗದ ಟೈಪಿಸ್ಟ್. ಹಾಜರಿ ಪುಸ್ತಕ ಬಿಟ್ಟರೆ ಇನ್ನೆಲ್ಲಿಯೂ ಇವರ ಹೆಸರು ನಡೆಯುವುದಿಲ್ಲ. ಹತ್ತೊಂಬತ್ತು ವರ್ಷಗಳಿಂದ ಅಲ್ಲಿಗೆ ಬಂದುಹೋದ ವಿದ್ಯಾರ್ಥಿಗಳಿಗೆಲ್ಲ ಇವರು ಪೆಡಲಕ್ಕ. ಮೂರು ತಿಂಗಳಿಗೆ ಎಂದು ತೆಗೆದುಕೊಂಡಿದ್ದರು. ಈಗಲೂ ಕಡತದಲ್ಲಿ ಇವರ ಹುದ್ದೆ 'ತಾತ್ಕಾಲಿಕ'.

ಚುನಾವಣೆಯಲ್ಲಿ ಯಾರಿಗೆ ಎಷ್ಟು ಮತ ಬಿತ್ತು ಎಂಬುದು ಅಂಕಿಗಳಲ್ಲಿ ಸಿಗುತ್ತದೆ. ಆದರೆ ಒಂದು ಆದೇಶ ಮೇಲಿನಿಂದ ಕೆಳಗಿಳಿದು ಬರುವಾಗ ಯಾರು ಹೂಂ ಅಂದರು, ಯಾರು ತಲೆ ತಗ್ಗಿಸಿ ಹೂಂ ಅಂದರು, ಯಾರು ಹೂಂ ಅನ್ನದೆಯೇ ಮಾಡಿ ಮುಗಿಸಿದರು ಎಂಬುದಕ್ಕೆ ಅಂಕಿ ಇಲ್ಲ. ಅಂಥವರ ಮನೆಗೆ ಹೋಗಬೇಕು, ಎದುರು ಕೂರಬೇಕು, ಕೇಳಬೇಕು, ಕೇಳಿದ್ದನ್ನು ಇದ್ದಂತೆ ಬರೆದುಕೊಳ್ಳಬೇಕು. ವಿಭಾಗದಲ್ಲಿ ಇದಕ್ಕೆ ಗುಣಾತ್ಮಕ ಸಂಶೋಧನೆ ಎನ್ನುತ್ತಾರೆ. ಹೋಗುವುದು, ಕೂರುವುದು, ಕೇಳುವುದು ಸಂಶೋಧಕರ ಕೆಲಸ. ಕೊನೆಯದು ಪೆಡಲಕ್ಕನದು. ಬಡ್ತಿ, ಪದವಿ, ಪುಸ್ತಕ ಎಲ್ಲವೂ ಮೊದಲ ಮೂರಕ್ಕೆ ಸಿಗುತ್ತವೆ.

ಒಂದು ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು ಸರಾಸರಿ ಆರು ಗಂಟೆ ಬೇಕು. ಇದರಲ್ಲೂ ಆಳು ನೋಡಿ ವ್ಯತ್ಯಾಸವಿದೆ. "ಮಂತ್ರಿಗಳಾಗಿದ್ದೋರು, ರಾಯಭಾರಿಗಳಾಗಿದ್ದೋರು ಐದು ಗಂಟೇಲಿ ಮುಗಿದುಬಿಡ್ತಾರೆ. ಅವರು ತಡವರಿಸೋದೇ ಇಲ್ಲ, ಎಲ್ಲ ಮೊದಲೇ ಹೇಳಿ ಹೇಳಿ ಬಾಯಿಪಾಠ ಆಗಿರುತ್ತೆ. ಗೇಟ್ ಕಾಯೋರು, ಕಡತ ಹೊರೋರು, ದುಭಾಷಿಗಳು, ಇವರದ್ದು ಎಂಟು ಗಂಟೆ. ಇವರನ್ನ ಯಾರೂ ಹಿಂದೆ ಕೇಳಿರೋದಿಲ್ಲ. ಯೋಚನೆ ಮಾಡ್ತಾ ಮಾತಾಡ್ತಾರೆ, ಪಾಪ."

ಮೌನಕ್ಕೂ ಇವರಲ್ಲಿ ದರ್ಜೆಗಳಿವೆ. ಮೂರು ಸೆಕೆಂಡಿನವರೆಗೆ ಅದು ಉಸಿರು, ಬರೆಯುವುದಿಲ್ಲ. ಐದಾದರೆ ಬರೆಯುತ್ತಾರೆ. ಹತ್ತು ದಾಟಿದರೆ ಅಡಿಗೆರೆ ಎಳೆಯುತ್ತಾರೆ. ಇಪ್ಪತ್ತು ದಾಟಿದರೆ? "ಅಷ್ಟೊತ್ತಿಗೆ ಎದುರಿಗೆ ಕೂತಿರೋ ಹುಡುಗಿ ಎದ್ದು ನೀರು ತಂದುಕೊಡಬೇಕು. ಲೋಟದ ಸದ್ದು ಬರಲಿಲ್ಲ ಅಂದ್ರೆ ನಾನು ಮಾರನೇ ದಿನ ಅವಳನ್ನ ಹಿಡಿದು ಬೈತೀನಿ."

ಬೆಳಗಿನ ಹೊತ್ತು ಇವರಿಗೆ ಸಿಗುವುದು ಒಂದು ಗಂಟೆ ನಲವತ್ತು ನಿಮಿಷ. ಆರೂವರೆಗೆ ಕೆಳಗಿನ ಮನೆಯ ನೀರಿನ ಪಂಪು ಶುರುವಾಗುತ್ತದೆ, ಏಳಕ್ಕೆ ಶಾಲೆಯ ವ್ಯಾನಿನ ಹಾರ್ನು. ಪಿಸುಮಾತಿನ ಭಾಗಗಳನ್ನೆಲ್ಲ ಈ ಹೊತ್ತಿಗೆಂದೇ ಎತ್ತಿಡುತ್ತಾರೆ. ಉಳಿದದ್ದು ವಿಭಾಗದ ಸಣ್ಣ ಕೋಣೆಯಲ್ಲಿ, ಹತ್ತರಿಂದ ಐದರವರೆಗೆ. ಇದುವರೆಗೆ ಸಾವಿರದ ನೂರ ನಲವತ್ತು ಸಂದರ್ಶನಗಳು ಈ ಬೆರಳುಗಳ ಅಡಿಯಲ್ಲಿ ಹಾದುಹೋಗಿವೆ. ಅವುಗಳಿಂದ ಮೂವತ್ತೊಂದು ಪ್ರಬಂಧ, ಎಂಟು ಪುಸ್ತಕ ಆಗಿವೆ. ಕೃತಜ್ಞತೆಯ ಪುಟದಲ್ಲಿ ಇವರ ಹೆಸರಿರುವುದು ಎರಡರಲ್ಲಿ. ಮಿಕ್ಕವುಗಳಲ್ಲಿ ಮಾರ್ಗದರ್ಶಕರಿಗೆ, ತಂದೆತಾಯಿಗೆ, ಗೆಳೆಯರಿಗೆ ಮತ್ತು ಇತರರಿಗೆ ಕೃತಜ್ಞತೆ ಇದೆ. "'ಇತರರು' ಅಂತ ಇದೆಯಲ್ಲ, ಅದು ನಾನೇ. ನನ್ನಷ್ಟು ಪುಸ್ತಕದಲ್ಲಿ ಹೆಸರು ಬಂದಿರೋರು ಯಾರಿದ್ದಾರೆ ಹೇಳಿ" ಎಂದು ನಗುತ್ತಾರೆ.

ಮನೆಯಲ್ಲಿ ಇರುವವರು ಇಬ್ಬರೇ. ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಮೂವತ್ತು ವರ್ಷ ಎಂಜಿನ್ ಪಕ್ಕದಲ್ಲಿ ನಿಂತು ಕಿವಿ ಅರ್ಧ ಹೋಗಿದೆ. "ಮನೇಲಿ ನಾನು ಗಂಟಲು ಹರಿದ್ಕೊಂಡ್ರೂ ಇವಳಿಗೆ ಕೇಳಲ್ಲ. ದೇಶದ ಜನ ಎಲ್ಲೋ ಕೂತು ಪಿಸುಗುಟ್ಟಿದ್ದು ಕೇಳುತ್ತೆ" ಎನ್ನುತ್ತಾರೆ ಅವರು. "ಇವರ ಕಿವಿ ಅರ್ಧ, ನಂದು ಒಂದೂವರೆ. ಮನೆಗೆ ಎರಡು ಸರಿಹೋಯ್ತು" ಎನ್ನುತ್ತಾರೆ ಇವರು. ಧ್ವನಿಮುದ್ರಣಗಳಿರುವ ಪೆನ್‌ಡ್ರೈವ್ ಬೀರುವಿನಲ್ಲಿರುತ್ತದೆ. ಅದರ ಕೀಲಿ ಎಲ್ಲಿದೆ ಎಂಬುದು ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಗಂಡನಿಗೆ ಗೊತ್ತಿಲ್ಲ. ಕಂಪ್ಯೂಟರಿಗೆ ಇಂಟರ್‌ನೆಟ್ ಇಲ್ಲ.

ಹೊರಗಿನವರಿಗೆ ಈ ಕೆಲಸ ಸುಲಭ ಅನ್ನಿಸುತ್ತದೆ. ಕೂತು ಕೇಳುವುದು, ಬಡಿಯುವುದು. ಆದರೆ ಇವರ ಕತ್ತು ಬಲಕ್ಕೆ ತಿರುಗುವುದಿಲ್ಲ, ಎಡಗಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದಿದೆ. ಅವು ದೇಹದ ಕಷ್ಟ. ಕೇಳಿದ್ದನ್ನು ಯಾರಿಗೂ ಹೇಳುವಂತಿಲ್ಲ ಎಂಬುದು ಅದಕ್ಕಿಂತ ದೊಡ್ಡದು. ಗಲಭೆಯೊಂದರಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಮೂರು ಗಂಟೆಯ ಮಾತನ್ನು ಟೈಪ್ ಮಾಡಿದ ವಾರ ಇವರು ಸರಿಯಾಗಿ ಊಟ ಮಾಡಲಿಲ್ಲ. ಗಂಡ ಹೊಟ್ಟೆನೋವಿನ ಮಾತ್ರೆ ತಂದುಕೊಟ್ಟರು, ನುಂಗಿದರು. "ಸಂದರ್ಶನ ಮಾಡಿದ ಹುಡುಗ ಒಂದು ಸಲ ಕೇಳಿದ್ದ. ನಾನು ಹಿಂದೆ ಮುಂದೆ ಮಾಡಿ ಇಪ್ಪತ್ತು ಸಲ ಕೇಳಿದ್ದೆ. ಅವನು ಹೇಗಿದ್ದಾನೆ ಅಂತ ಎಲ್ಲರೂ ವಿಚಾರಿಸಿದ್ರು."

ಇವರು ಟೈಪಿಂಗ್ ಕಲಿತದ್ದು ಗಲ್ಲಿಯೊಂದರ ಟೈಪಿಂಗ್ ಶಾಲೆಯಲ್ಲಿ. ಮೊದಲ ಕೆಲಸ ಕೋರ್ಟಿನಲ್ಲಿ. ಅಲ್ಲಿ ಸಾಕ್ಷಿ ಹೇಗೇ ತೊದಲಿದರೂ ಕಾಗದದ ಮೇಲೆ ಬರುವ ಮಾತು ನೆಟ್ಟಗಿರಬೇಕಿತ್ತು. ಆ ಅಭ್ಯಾಸವನ್ನೇ ವಿಭಾಗಕ್ಕೆ ತಂದರು. ಮೊದಲ ಮೂರು ವರ್ಷ ಜನರ ಮಾತನ್ನು ತೊಳೆದು, ಇಸ್ತ್ರಿ ಮಾಡಿ ಕೊಟ್ಟರು. ಪ್ರೊಫೆಸರುಗಳಿಗೂ ಓದಲು ಹಿತವಾಗಿತ್ತು, ಯಾರೂ ತಕರಾರು ಎತ್ತಲಿಲ್ಲ.

ಹದಿನಾರು ವರ್ಷದ ಹಿಂದೆ ಎಡವಟ್ಟಾಯಿತು. ಪುರಸಭೆಯ ಹಳೆಯ ಸದಸ್ಯರೊಬ್ಬರು ಸಂದರ್ಶನದಲ್ಲಿ, ಒಂದು ಬಡಾವಣೆಯ ಜನರನ್ನು ಎಬ್ಬಿಸಿದ ಆದೇಶದ ಬಗ್ಗೆ ಹೇಳಿದ್ದು ಹೀಗೆ: "ಸಹಿ... ಹಾಕಿದೆ. ಅಂದ್ರೆ... ಬಾಗಿಲು ಹಾಕಿದ್ರು, ಪೆನ್ನು ಕೊಟ್ರು. ಕೈ ನಂದೇ, ಬಿಡಿ." ಪೆಡಲಕ್ಕ ಅದನ್ನು "ಸಹಿ ಹಾಕಿದ್ದು ನಾನೇ" ಎಂದು ನೆಟ್ಟಗೆ ಮಾಡಿದರು. ಅದು ಪುಸ್ತಕದಲ್ಲಿ ಬಂತು. ಆ ಹಿರಿಯರು ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ವಿಭಾಗಕ್ಕೆ ಬಂದರು. ಕೂಗಾಡಲಿಲ್ಲ. ಇದನ್ನು ಟೈಪ್ ಮಾಡಿದವರು ಯಾರು ಎಂದು ಕೇಳಿದರು. ಪೆಡಲಕ್ಕ ಎದ್ದು ನಿಂತರು.

"ತಂಗೀ, ನನ್ನ ಮಾತನ್ನ ತುಂಬ ಚೆನ್ನಾಗಿ ಮಾಡಿದೀಯ" ಅಂದರಂತೆ ಅವರು. "ಆದ್ರೆ ಅದು ನಂದಲ್ಲ."

ಎರಡನೇ ಮುದ್ರಣದಲ್ಲಿ ತಿದ್ದುತ್ತೇವೆ ಎಂದು ಪ್ರೊಫೆಸರ್ ಭರವಸೆ ಕೊಟ್ಟರು. ಆ ಪುಸ್ತಕ ಎರಡನೇ ಮುದ್ರಣ ಕಾಣಲಿಲ್ಲ.

ಅಂದಿನಿಂದ ಪೆಡಲಕ್ಕ ಒಂದು 'ಹೂಂ' ಬಿಟ್ಟವರಲ್ಲ. ಕೆಮ್ಮು, ತೊದಲು, ಅರ್ಧಕ್ಕೆ ನಿಂತ ವಾಕ್ಯ, ತಡೆದ ನಗು ಎಲ್ಲವೂ ಕಾಗದಕ್ಕೆ ಬರುತ್ತವೆ. ಹೊಸದಾಗಿ ಬಂದ ಸಂಶೋಧಕರಿಗೆ ಮೊದಲ ದಿನವೇ ತಾಕೀತು ಮಾಡುತ್ತಾರೆ: "ನಾನು ಕೊಟ್ಟಿದ್ದರಲ್ಲಿ ಒಂದು ಅಕ್ಷರ ಅಲ್ಲಾಡಿಸಿದ್ರೆ ಮುಂದಿನದು ನೀವೇ ಬಡ್ಕೊಳ್ಳಿ." ಎರಡು ವರ್ಷದ ಹಿಂದೆ ಮಾತನ್ನು ತಾನೇ ಅಕ್ಷರ ಮಾಡುವ ತಂತ್ರಾಂಶ ಬಂತು. ವಿಭಾಗ ಖುಷಿಯಿಂದ ತರಿಸಿತು. ಅದು ತಡವರಿಕೆಯನ್ನೆಲ್ಲ ಗುಡಿಸಿ ಹಾಕಿ, ಮೌನ ಇದ್ದ ಕಡೆ ಯಾರೂ ಆಡದ ಮಾತು ತುಂಬಿ ಕೊಟ್ಟಿತು. "ನನ್ನ ಹಳೇ ಬುದ್ಧಿ ಅದಕ್ಕೂ ಇದೆ" ಎಂದರು ಪೆಡಲಕ್ಕ. ಈಗ ಅದು ಮಾಡಿದ್ದನ್ನು ಇವರು ತಿದ್ದುತ್ತಾರೆ. ಕೆಲಸ ಎರಡು ಗಂಟೆ ಕಡಿಮೆಯಾಗಿದೆ, ಬೈಗುಳ ಹೆಚ್ಚಾಗಿದೆ.

ಹೀಗೆ ಒಂದಕ್ಷರ ಬಿಡದ ಈ ಹಟವೇ ಕಳೆದ ವರ್ಷ ಒಬ್ಬರ ನೌಕರಿಗೆ ಕುತ್ತು ತರುವುದರಲ್ಲಿತ್ತು.

ವಿಭಾಗದಲ್ಲಿ ಸೇತುವೆ ಹುಡುಗಿ ಎಂದು ಕರೆಯುವ ಸಂಶೋಧಕಿಯೊಬ್ಬಳಿದ್ದಾಳೆ. ಎರಡು ದೇಶಗಳ ನಡುವಿನ ಸೇತುವೆಯೊಂದು ಹಿಂದೊಮ್ಮೆ ಹನ್ನೆರಡು ದಿನ ಮುಚ್ಚಿತ್ತು. ಲಾರಿಗಳಲ್ಲಿ ಹಣ್ಣು ಕೊಳೆಯಿತು, ಆಚೆ ಆಸ್ಪತ್ರೆಗೆ ಹೋದವರು ಆಚೆಯೇ ಉಳಿದರು. ಮೊದಲು ಮುಚ್ಚಿದ್ದು ನೀವು ಎಂದು ಎರಡೂ ಸರಕಾರಗಳು ಇವತ್ತಿಗೂ ಬೆರಳು ತೋರಿಸುತ್ತವೆ. ಹುಡುಗಿ ಐದು ವರ್ಷ ಅಲೆದು, ಸೇತುವೆಯ ಈಚೆ ಕೆಲಸ ಮಾಡಿದ ಇಪ್ಪತ್ತೇಳು ಜನರನ್ನು ಮಾತಾಡಿಸಿದಳು. ಅವರಲ್ಲಿ ಒಬ್ಬರು ಹೇಳಿದ ಮಾತು ಇಡೀ ಪ್ರಬಂಧದ ಬೆನ್ನುಮೂಳೆ. ಮುಚ್ಚುವ ಆದೇಶ ಈಚೆಯಿಂದಲೇ, ಫೋನಿನಲ್ಲಿ ಬಂತು. ಕಾಗದ ಬಂದದ್ದು ಮೂರು ದಿನ ಬಿಟ್ಟು, ಹಳೆಯ ತಾರೀಕು ಹಾಕಿಕೊಂಡು. ಆಮೇಲೆ ರಿಜಿಸ್ಟರಿನಲ್ಲಿ ಆಚೆಯವರೇ ಮೊದಲು ಮುಚ್ಚಿದರು ಎಂದು ಬರೆಯಲಾಯಿತು. ಬರೆದದ್ದು ತಾವೇ ಎಂದು ಅವರು ಹೇಳಿದ್ದರು.

ಆ ಒಬ್ಬರು ಇನ್ನೂ ಅದೇ ಕಚೇರಿಯಲ್ಲಿ, ಅದೇ ಮೇಲಧಿಕಾರಿಯ ಕೈಕೆಳಗೆ ಇದ್ದಾರೆ. ಗೊತ್ತಾದರೆ ಕೆಲಸ ಹೋಗುತ್ತದೆ, ಕೆಲಸದ ಜೊತೆ ಇನ್ನೂ ಏನೇನೋ ಹೋಗಬಹುದು. ನೀವು ಯಾರೆಂದು ಯಾರಿಗೂ ತಿಳಿಯದು ಎಂದು ಹುಡುಗಿ ಮಾತು ಕೊಟ್ಟಿದ್ದಳು. ಹೆಸರು, ವಯಸ್ಸು, ಹುದ್ದೆ, ಗಂಡೋ ಹೆಣ್ಣೋ ಎಂಬುದು, ಎಲ್ಲವನ್ನೂ ತೆಗೆದಿದ್ದಳು. ಪ್ರಬಂಧದಲ್ಲಿ ಅವರು ಬರೀ ಒಂದು ಸಂಖ್ಯೆ. ಆ ಸಂಖ್ಯೆಯೂ ನಿಜದ್ದಲ್ಲ.

ಶುಕ್ರವಾರ ಸಲ್ಲಿಸಬೇಕು. ಇದು ಮೂರನೇ ಗಡುವು, ನಾಲ್ಕನೆಯದಿಲ್ಲ. ಸಲ್ಲಿಸಿದ ಪ್ರಬಂಧವನ್ನು ಗ್ರಂಥಾಲಯ ಎಲ್ಲರಿಗೂ ಕಾಣುವಂತೆ ಇಂಟರ್‌ನೆಟ್ಟಿಗೆ ಹಾಕುತ್ತದೆ. ಸೋಮವಾರ ಹುಡುಗಿ ಮುಖ್ಯ ಅಧ್ಯಾಯದ ಪ್ರತಿಯನ್ನು ಪೆಡಲಕ್ಕನ ಕೈಗಿಟ್ಟು, ಉಲ್ಲೇಖಗಳು ಸರಿ ಇವೆಯಾ ನೋಡಿಬಿಡಿ ಎಂದಳು.

ಮಂಗಳವಾರ ಬೆಳಗ್ಗೆ ಐದಕ್ಕೆ ಪೆಡಲಕ್ಕ ಓದಲು ಕೂತರು. ಹತ್ತನೇ ಪುಟದ ಹೊತ್ತಿಗೆ ತಾವು ಮಾತಿನ ಕೆಳಗಿನ ಸಂಖ್ಯೆಯನ್ನು ನೋಡುತ್ತಲೇ ಇಲ್ಲ ಎಂಬುದು ಹೊಳೆಯಿತು. ಓದುತ್ತಿದ್ದಂತೆ ಕಿವಿಯೊಳಗೆ ಆಯಾ ಧ್ವನಿ ಬರುತ್ತಿತ್ತು. ಇದು ಲಾರಿಯವರು, ಇದು ದುಭಾಷಿ, ಇದು ಮೂಟೆ ಹೊರುವವರು. ಆ ಒಬ್ಬರ ಮಾತಿಗೆ ಬಂದಾಗ ಬೆರಳು ಸಾಲಿನ ಮೇಲೇ ನಿಂತಿತು. ಅವರಿಗೆ ಎರಡು ವಾಕ್ಯಕ್ಕೊಮ್ಮೆ ಒಂದು ಮಾತು ಸೇರಿಸುವ ಚಾಳಿ ಇದೆ. ಅದು ಯಾವ ಮಾತು ಎಂದು ಎಷ್ಟು ಕೇಳಿದರೂ ಪೆಡಲಕ್ಕ ಬಾಯಿ ಬಿಡುವುದಿಲ್ಲ. ಅರ್ಧ ಪುಟದ ಉಲ್ಲೇಖದಲ್ಲಿ ಅದು ಒಂಬತ್ತು ಸಲ ಇತ್ತು. ಒಂಬತ್ತನ್ನೂ ಇವರೇ ಟೈಪ್ ಮಾಡಿದ್ದರು.

"ನಾನು ಅವರ ಮುಖ ನೋಡಿದೋಳಲ್ಲ. ಎರಡು ಗಂಟೆ ಧ್ವನಿ ಕೇಳಿದ್ದೆ, ಅಷ್ಟೇ. ನಂಗೇ ಗೊತ್ತಾಗುತ್ತೆ ಅಂದ್ಮೇಲೆ, ವರ್ಷಗಟ್ಟಲೆ ಪಕ್ಕದ ಮೇಜಲ್ಲಿ ಕೂತು ಊಟ ಮಾಡಿದ ಮೇಲಧಿಕಾರಿಗೆ ಗೊತ್ತಾಗಲ್ವಾ? ಹೆಸರು ಅಳಿಸಿದ್ವಿ. ಅವರನ್ನೇ ಹಾಗೇ ಬಿಟ್ಟಿದ್ವಿ."

ಅವತ್ತು ವಿಭಾಗದ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತರು. ಹುಡುಗಿ ಬಂದಳು.

"ಏನಕ್ಕ ಇಷ್ಟು ಬೇಗ? ತಪ್ಪು ಸಿಕ್ತಾ?"

"ಒಂದೂ ಸಿಗಲಿಲ್ಲ ಕಣೇ. ಅದೇ ತೊಂದ್ರೆ ಆಗಿರೋದು."

ವಿಷಯ ಕೇಳಿ ಹುಡುಗಿಗೆ ಸಿಟ್ಟು ಬಂತು. "ನೀವೇ ತಾನೆ ಅಕ್ಕ, ಒಂದು ಅಕ್ಷರ ಅಲ್ಲಾಡಿಸಿದ್ರೆ ಕಣ್ಣು ಕೆಂಪು ಮಾಡೋರು? ಸಲ್ಲಿಸೋಕೆ ಮೂರು ದಿನ ಇದೆ ಅನ್ನೋವಾಗ ತೆಗಿ ಅಂತೀರಾ?"

"ತೆಗಿ ಅನ್ನೋಕೆ ನಾನ್ಯಾರು? ತೆಗಿಯೋಕೆ ನೀನ್ಯಾರು? ಮಾತು ಯಾರದೋ ಅವರನ್ನ ಹೋಗಿ ಕೇಳು."

"ಅವರಿರೋದು ಒಂಬತ್ತು ಗಂಟೆ ದಾರಿ!"

"ಬಸ್ಸಿಲ್ವಾ?"

"ಫೋನ್ ಮಾಡಿದ್ರಾಗಲ್ವಾ?"

"ಮಾಡು. ಕಚೇರೀಲಿ ಎತ್ಕೋತಾರೆ. ಯಾರ ಫೋನು ಅಂತ ಪಕ್ಕದೋರು ಕೇಳ್ತಾರೆ. ಆಮೇಲೆ ಪ್ರಬಂಧ ಯಾಕೆ ಬೇಕು, ಫೋನೇ ಸಾಕು ಗುರುತು ಹಿಡಿಯೋಕೆ."

ಹುಡುಗಿ ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಳು. ಅವಳ ಭಯ ಬೇರೆ ಇತ್ತು. ಹೋಗಿ ಕೇಳಿದರೆ ಅವರು ಹೆದರಿ, ನನ್ನ ಮಾತೇ ಬೇಡ, ಎಲ್ಲ ತೆಗೆದುಹಾಕಿ ಎನ್ನಬಹುದು. ಹಾಗೆನ್ನುವ ಹಕ್ಕು ಅವರಿಗಿದೆ. ಅಂದರೆ ಐದು ವರ್ಷ ಗಾಳಿಗೆ. ಇದು ಪೆಡಲಕ್ಕನಿಗೂ ಗೊತ್ತಿತ್ತು. "ಅವಳ ಮುಖ ನೋಡೋಕಾಗಲಿಲ್ಲ. ನಾನು ಸುಮ್ನೆ 'ಎಲ್ಲ ಸರಿ ಇದೆ' ಅಂದಿದ್ರೆ ಮುಗೀತಿತ್ತು. ಟೈಪ್ ಮಾಡೋಳಿಗೆ ಯಾಕೆ ಬೇಕಿತ್ತು ಇದೆಲ್ಲ?"

ಮಾರ್ಗದರ್ಶಕಿ ಪ್ರೊಫೆಸರ್ ಇಬ್ಬರ ವಾದವನ್ನೂ ನಿಂತೇ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡು ಹುಡುಗಿಗೆ ಹೇಳಿದರು: "ಹೊರಡು. ಆಕೆ ಹೇಳ್ತಿರೋದು ನಾವು ಪ್ರತಿ ವರ್ಷ ಪಾಠ ಮಾಡೋದನ್ನೇ. ಮಾಡಿದ್ವಾ ಅಂತ ನಮ್ಮನ್ನ ಯಾರೂ ಕೇಳಿರಲಿಲ್ಲ, ಅಷ್ಟೇ."

ಬಸ್ಸು ಸಂಜೆ ನಾಲ್ಕಕ್ಕೆ. ಅಷ್ಟರೊಳಗೆ ಪೆಡಲಕ್ಕ ಆ ಅರ್ಧ ಪುಟವನ್ನು ಇನ್ನೊಂದು ರೀತಿಯಲ್ಲಿ ಟೈಪ್ ಮಾಡಿದರು. ಸಂಗತಿ ಅದೇ, ದಿನ ಮತ್ತು ಹೊತ್ತು ಅದೇ, ಚಾಳಿಯ ಮಾತು ಮಾತ್ರ ಇಲ್ಲ. ಅರ್ಧ ಪುಟಕ್ಕೆ ಎರಡು ಗಂಟೆ ಹಿಡಿಯಿತು. "ಎರಡನ್ನೂ ಅವರ ಮುಂದೆ ಗಟ್ಟಿಯಾಗಿ ಓದು. ನಿಧಾನಕ್ಕೆ. ಓದುವಾಗ ಅವರ ಮುಖ ನೋಡು, ಕಾಗದ ನೋಡಬೇಡ" ಎಂದು ಹೇಳಿ ಕಳಿಸಿದರು. ಬುಧವಾರ ಪೂರ್ತಿ ಕೆಲಸ ಕೈಗೆ ಹತ್ತಲಿಲ್ಲ. ಒಂದು ಗಂಟೆಯ ಮಾತಿನಲ್ಲಿ ಹದಿನೈದು ನಿಮಿಷದಷ್ಟೂ ಮುಗಿಯಲಿಲ್ಲ.

ಗುರುವಾರ ಬೆಳಗ್ಗೆ ಐದೂವರೆಗೆ ಹುಡುಗಿ ಬಸ್ ನಿಲ್ದಾಣದಿಂದ ನೇರವಾಗಿ ಪೆಡಲಕ್ಕನ ಮನೆಗೆ ಬಂದು ಬೆಲ್ ಒತ್ತಿದಳು. ಹೆಂಡತಿಯ ಕಿವಿಗೆ ಹೆಡ್‌ಫೋನ್. ಗಂಡನಿಗೆ ಕಿವಿ ಮಂದ. ಹತ್ತು ನಿಮಿಷ ಬಾಗಿಲು ಬಡಿದಳು. ಕೊನೆಗೆ ಎದುರು ಮನೆಯವರು ಎದ್ದು ಬಂದು ತಾವೂ ಬಡಿದರು. ಗಂಡ ಬಾಗಿಲು ತೆಗೆದು, "ಏನಮ್ಮ, ಬೆಲ್ ಒತ್ತಬಾರದಾ?" ಎಂದು ಕೇಳಿದರಂತೆ.

ಹುಡುಗಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ನಡೆದದ್ದು ಹೇಳಿದಳು. ಮೊದಲ ಪ್ರತಿ ಓದಿದಾಗ ಅವರು ಬಿದ್ದು ಬಿದ್ದು ನಕ್ಕರು. "ಅಯ್ಯೋ, ನಾನು ಹೀಗಾ ಮಾತಾಡೋದು? ಇದನ್ನ ನಮ್ಮ ಕಚೇರಿ ಬೆಕ್ಕು ಕೂಡ ಕಂಡುಹಿಡಿಯುತ್ತೆ" ಎಂದರು. ಆಮೇಲೆ ಅದರ ಅರ್ಥ ಇಳಿದು, ನಗು ನಿಂತಿತು.

"ಎಷ್ಟು ಹೊತ್ತು?" ಎಂದು ಪೆಡಲಕ್ಕ ಕೇಳಿದರು.

"ಹದಿನೇಳು. ಎಣಿಸಿದೆ. ನೀರು ತಂದುಕೊಟ್ಟೆ ಅಕ್ಕ, ಬೈಬೇಡಿ."

ಎರಡನೇ ಪ್ರತಿಯನ್ನು ಅವರು ಎರಡು ಸಲ ಓದಿಸಿದರು. ಒಂದು ಕಡೆ ತಡೆದರು. "ಇಲ್ಲಿ 'ನನ್ನ ಕೈಯಿಂದ ಬರೆಸಿದರು' ಅಂತ ಯಾಕಿದೆ? ನಾನು ಹಾಗಂದಿಲ್ಲ. 'ಬರೆದದ್ದು ನಾನೇ' ಅಂದಿದ್ದು. ನನ್ನನ್ನ ಯಾರೂ ಹಿಡಿದು ಬರೆಸಲಿಲ್ಲ. ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಅದನ್ನ ಮೆತ್ತಗೆ ಮಾಡಬೇಡಿ."

ಇದನ್ನು ಹೇಳುವಾಗ ಪೆಡಲಕ್ಕ ತಲೆ ಚಚ್ಚಿಕೊಳ್ಳುತ್ತಾರೆ. "ಗೊತ್ತಿಲ್ಲದ ಹಾಗೆ ಮಾಡಿದ್ದೆ. ಪಾಪ ಅನ್ನಿಸಿತ್ತಲ್ಲ, ಬೆರಳು ತಾನಾಗೇ ಮೆತ್ತಗೆ ಮಾಡಿಬಿಟ್ಟಿತ್ತು. ಅವತ್ತು ಒಬ್ಬರನ್ನ ಇಲ್ಲದ ತಪ್ಪಿಗೆ ಸಿಕ್ಕಿಸಿದ್ದೆ. ಇವತ್ತು ಇನ್ನೊಬ್ಬರು ಒಪ್ಪಿಕೊಂಡಿರೋ ತಪ್ಪನ್ನ ಕಿತ್ಕೊಂಡಿದ್ದೆ. ಹದಿನಾರು ವರ್ಷದಲ್ಲಿ ಏನು ಕಲಿತ ಹಾಗಾಯ್ತು?"

ಅವರು ಮಾತನ್ನು ಹಿಂದೆಗೆದುಕೊಳ್ಳಲಿಲ್ಲ. ಫೋನು ಬಂದ ದಿನ ಇರಲಿ, ಕಾಗದ ಬಂದ ದಿನ ಇರಲಿ, ಬರೆದದ್ದು ನಾನೇ ಎಂಬುದು ಇರಲಿ, ನನ್ನ ಚಾಳಿಯ ಮಾತು ಮಾತ್ರ ಹೋಗಲಿ ಎಂದರು. ಹುಡುಗಿ ಅದನ್ನು ಅವರ ಎದುರಿನಲ್ಲೇ ಬರೆದು ಓದಿ ಹೇಳಿದಳು. ಅವರು ಹೂಂ ಎಂದರು. ಶುಕ್ರವಾರ ಮಧ್ಯಾಹ್ನ ಮೂರೂ ನಲವತ್ತಕ್ಕೆ ಪ್ರಬಂಧ ಸಲ್ಲಿಕೆಯಾಯಿತು. ಆ ಅರ್ಧ ಪುಟದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯೊಂದಿದೆ: 'ಈ ಮಾತನ್ನು ಹೇಳಿದವರ ಎದುರು ಓದಿ, ಅವರು ಒಪ್ಪಿದ ರೂಪದಲ್ಲಿ ಕೊಡಲಾಗಿದೆ.' ಮೌಖಿಕ ಪರೀಕ್ಷೆಗೆ ಬಂದವರು ಮೊದಲು ಕೇಳಿದ್ದು ಆ ಟಿಪ್ಪಣಿಯ ಬಗ್ಗೆ. ಹುಡುಗಿ ಪಾಸಾದಳು. ಪ್ರಬಂಧ ಎಲ್ಲರಿಗೂ ಕಾಣುವಂತೆ ಬಂದು ಏಳು ತಿಂಗಳಾಗಿವೆ. ಆ ಕಚೇರಿಯಲ್ಲಿ ಅದನ್ನು ಓದಿದ್ದಾರೆ, ಯಾರು ಹೇಳಿರಬಹುದು ಎಂದು ತಲೆ ಕೆಡಿಸಿಕೊಂಡಿದ್ದಾರೆ ಎಂಬ ಸುದ್ದಿ ಇದೆ. ಹೇಳಿದವರು ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದಾರೆ.

ಈಗ ವಿಭಾಗದಲ್ಲಿ ಹೊಸ ನಿಯಮ ಬಂದಿದೆ. ಯಾರ ಮಾತನ್ನು ಅಚ್ಚಿಗೆ ಕೊಡುವ ಮೊದಲೂ ಅದನ್ನು ಅವರಿಗೆ ಓದಿ ಹೇಳಬೇಕು. ನಿಯಮದ ಪುಸ್ತಕದಲ್ಲಿ ಅದಕ್ಕೆ ಉದ್ದದ ಹೆಸರಿದೆ. ವಿದ್ಯಾರ್ಥಿಗಳು 'ಪೆಡಲಕ್ಕನ ಸುತ್ತು' ಎನ್ನುತ್ತಾರೆ. ಈ ಸುತ್ತಿನಿಂದ ತಡವಾಗುತ್ತದೆ ಎಂದು ಗೊಣಗುವವರೂ ಅವರೇ, ಬೇರೆ ವಿಭಾಗಗಳಿಗೆ ಅದನ್ನು ಹಬ್ಬಿಸುವವರೂ ಅವರೇ. ಪ್ರೊಫೆಸರ್ ಇನ್ನೊಂದು ಬದಲಾವಣೆ ಮಾಡಿದ್ದಾರೆ. ಭಾರವಾದ ಸಂದರ್ಶನ ಟೈಪ್ ಮಾಡಿದ ವಾರ ಪೆಡಲಕ್ಕನನ್ನು ತಮ್ಮ ಕೋಣೆಗೆ ಕರೆದು ಅರ್ಧ ಗಂಟೆ ಕೂರಿಸಿಕೊಳ್ಳುತ್ತಾರೆ. "ಮೊದಲ ಸಲ ಏನು ಮಾತಾಡೋದು ಅಂತಾನೇ ಗೊತ್ತಾಗಲಿಲ್ಲ. ನಾನೂ ಐದು ನಿಮಿಷ ಸುಮ್ನಿದ್ದೆ, ಮೇಡಮ್ಮೂ ಸುಮ್ನಿದ್ರು. ಒಳ್ಳೆಯವರು, ಎದ್ದು ನೀರು ತಂದುಕೊಟ್ರು."

ಆ ಗುರುವಾರ ಹುಡುಗಿ ತಂದ ಪೆನ್‌ಡ್ರೈವಿನಲ್ಲಿ ಎರಡು ಫೈಲುಗಳಿದ್ದವು. ಒಂದರಲ್ಲಿ ಅವರ ಒಪ್ಪಿಗೆಯ ಮಾತು. ಇನ್ನೊಂದರ ಬಗ್ಗೆ ಹುಡುಗಿ ಹೇಳಿದ್ದು ಇಷ್ಟು: ಎಲ್ಲ ಮುಗಿದ ಮೇಲೆ ಅವರು, "ಯಂತ್ರ ಆರಿಸಬೇಡ, ನೀನು ಸ್ವಲ್ಪ ಆಚೆ ಹೋಗಿರು. ಟೈಪ್ ಮಾಡಿದೋರಿಗೆ ಎರಡು ಮಾತು ಹೇಳಬೇಕು" ಅಂದರು. ಹುಡುಗಿ ಹೊರಗೆ ಹೋಗಿ ನಿಂತಳು. ಅವಳು ಅದನ್ನು ಕೇಳಿಲ್ಲ.

ಒಂದು ನಿಮಿಷ ಐವತ್ತು ಸೆಕೆಂಡಿನ ಮಾತು. ಪ್ರಬಂಧ ಸಲ್ಲಿಸಿದ ಮಾರನೇ ದಿನ ಬೆಳಗ್ಗೆ ಐದಕ್ಕೆ ಪೆಡಲಕ್ಕ ಅದನ್ನು ಕೇಳಿದರು. ಹಿಮ್ಮಡಿ ಊರುವ ಪ್ರಸಂಗ ಬರಲಿಲ್ಲ. ಕೈ ಕೀಬೋರ್ಡಿನ ಮೇಲಿರಲಿಲ್ಲ, ಮಡಿಲಲ್ಲಿತ್ತು. ಗಂಡ ಅವತ್ತು ಬಾಗಿಲಲ್ಲಿ ನಿಂತು ನೋಡಿದ್ದಾರೆ. "ಇವಳು ಟೈಪ್ ಮಾಡದೆ ಕೇಳ್ತಾ ಕೂತಿದ್ದನ್ನ ನಾನು ಅದೇ ಮೊದಲು ನೋಡಿದ್ದು" ಎನ್ನುತ್ತಾರೆ.

ಸಂಶೋಧನೆ ಮುಗಿದ ಮೇಲೆ ಧ್ವನಿಗಳನ್ನು ಉಳಿಸಿಕೊಳ್ಳುವಂತಿಲ್ಲ. ಹುಡುಗಿ ಪಾಸಾದ ವಾರ, ಪೆಡಲಕ್ಕ ಪ್ರೊಫೆಸರ್ ಎದುರಿನಲ್ಲಿ ಇಪ್ಪತ್ತೇಳನ್ನೂ, ಒಪ್ಪಿಗೆಯ ಫೈಲನ್ನೂ ಒಂದೊಂದಾಗಿ ಅಳಿಸಿ ಸಹಿ ಹಾಕಿದರು. ಆ ಎರಡನೇ ಫೈಲು ಮಾತ್ರ ಸಂಶೋಧನೆಗೆ ಸೇರಿದ್ದಲ್ಲ, ನಿಮಗೆ ಕಳಿಸಿದ್ದು, ಬೇಕಾದರೆ ಇಟ್ಟುಕೊಳ್ಳಿ ಎಂದರು ಪ್ರೊಫೆಸರ್. ಪೆಡಲಕ್ಕ ಒಪ್ಪಲಿಲ್ಲ. ಒಂದು ಧ್ವನಿ ಹೊರಗೆ ಉಳಿದರೂ ಗುರುತು ಉಳಿದ ಹಾಗೆಯೇ ಎಂದು ಅದನ್ನೂ ಅಳಿಸಿದರು.

ಅದರಲ್ಲಿ ಏನಿತ್ತು ಎಂದು ಗಂಡ ಕೇಳಿದ್ದಾರೆ, ಹುಡುಗಿ ಕೇಳಿದ್ದಾಳೆ, ಪ್ರೊಫೆಸರ್ ಕೂಡ ಸುತ್ತಿಬಳಸಿ ಕೇಳಿದ್ದಾರೆ. ಈ ಪತ್ರಿಕೆಯ ಪ್ರಶ್ನೆಗೆ ಪೆಡಲಕ್ಕ ಹೆಡ್‌ಫೋನನ್ನು ಕೊರಳಿಗೆ ಇಳಿಸಿಕೊಂಡು, ಸೆರಗಿನ ತುದಿಯಿಂದ ಅದರ ದೂಳು ಒರೆಸುತ್ತಾರೆ.

"ಅದು ಬರೆಯೋ ಮಾತಲ್ಲ" ಎನ್ನುತ್ತಾರೆ. "ನಂಗೆ ಹೇಳಿದ್ರು. ನಾನು ಕೇಳಿಸ್ಕೊಂಡೆ."